ಒಪ್ಕಂಡಿದ್ದೆ ಸ್ವಾಮಿ

ಖೈದಿಗಳಿಗೂ ಹಕ್ಕುಗಳಿವೆ ಎಂದರೆ ಆಗ ನಮ್ಮ ಲಾ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ “ಕಳ್ಳರ ಮೇಷ್ಟ್ರು ಬಂದ್ರು” ಎಂದು ಕಾಲೆಳೆಯುವವರೂ ಇದ್ದರು. ಅದು ಎಪ್ಪತ್ತರ ದಶಕದ ಕೊನೆ. ನನಗೇನೂ ಬೇಜಾರಿರಲಿಲ್ಲ. ಕ್ರಿಮಿನಲ್ ಕಾನೂನನ್ನು ಕರಿಹಲಗೆಯ ಮೇಲೆ ಕಲಿಸುವುದು ಚಾಪೆಯ ಮೇಲೆ ಈಜು ಕಲಿಸಿದ ಹಾಗೆ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಹಟ ಹಿಡಿದು ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿ ನಮ್ಮ ಸೀಮೆಯ ಸಬ್ ಜೈಲುಗಳಿಗೆ ಕರೆದುಕೊಂಡು ಹೋಗುತ್ತಿದ್ದೆ.

ಹಾಗೆ ಹೋದಾಗ ಒಮ್ಮೆ ನೊಣವಿನಕೆರೆ ಕಡೆಯ ಒಬ್ಬ ಸಿಕ್ಕಿದ. ತೆಂಗಿನಮರ ಹತ್ತಿ ಕಾಯಿ ಕೆಡವುವುದು ಅವನ ಕಸುಬು. ಕಾಯಿ ಕದ್ದ ಆರೋಪ. “ಕೋರ್ಟಲ್ಲೇ ಒಪ್ಕೊಂಡಿದ್ದಾನೆ ಸಾರ್, ಸೋಮವಾರ ಶಿಕ್ಷೆ ಹೇಳ್ತಾರೆ” ಎಂದರು ಜೈಲಿನವರು.

“ಯಾಕಪ್ಪ ಕದ್ದೆ?” ಎಂದು ಕೇಳಿದೆ.

ಅವನಿಗೆ ಸಿಟ್ಟು ಬಂತು. “ಯಾವನು ಸ್ವಾಮಿ ಕದ್ದಿದ್ದು?”

“ಮತ್ತೆ ಒಪ್ಕೊಂಡೆಯಂತಲ್ಲ?”

“ಹೂಂ, ಒಪ್ಕಂಡಿದ್ದೆ. ತ್ವಾಟದ ದೊಡ್ಡಣ್ಣಾರು ಕಾಯಿ ಕೆಡವಿಕೊಡು ಅಂದ್ರು, ಆಯ್ತು ಬುಡಿ ಅಂತ ಒಪ್ಕಂಡೆ. ಒಪ್ಕಂಡ ಮ್ಯಾಲೆ ಹತ್ತದೆ ಇರಕ್ಕಾಯ್ತದಾ?”

ಆ ತೋಟ ಅಣ್ಣ ತಮ್ಮಂದಿರ ತಕರಾರಿನಲ್ಲಿತ್ತು. ಅಣ್ಣ ಕರೆದ, ಇವನು ಹತ್ತಿದ, ತಮ್ಮ ಕಳ್ಳತನದ ದೂರು ಕೊಟ್ಟ. ಮ್ಯಾಜಿಸ್ಟ್ರೇಟರು “ಒಪ್ಪಿಕೊಳ್ಳುತ್ತೀಯಾ?” ಎಂದು ಕೇಳಿದ್ದು ಕಳ್ಳತನವನ್ನು, ಇವನು ಹೂಂ ಅಂದದ್ದು ಕೆಲಸಕ್ಕೆ. ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ.

“ಜೈಲು ಬುಡಿ, ಇದ್ದು ಬತ್ತೀನಿ. ಕಳ್ಳ ಅನ್ನಿಸ್ಕಂಡ್ರೆ ನನ್ನ ಯಾರ್ ಸ್ವಾಮಿ ತ್ವಾಟದೊಳಕ್ಕೆ ಬುಟ್ಕಂತಾರೆ?”

ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತಿದ್ದ ಅವನ ಹೆಂಡತಿಯೂ ಇದನ್ನೇ ಹೇಳಿಕೊಂಡು ಅತ್ತಳು.

ಸೋಮವಾರ ಕೋರ್ಟಿಗೆ ಹೋಗಿ, ಅವನ ಪರವಾಗಿ ಎರಡು ಮಾತಾಡಲು ಅನುಮತಿ ಬೇಡಿದೆ. ವಿಷಯ ತಿಳಿದ ಮ್ಯಾಜಿಸ್ಟ್ರೇಟರು ಅವನನ್ನು ಹತ್ತಿರ ಕರೆದರು. ಆಮೇಲೆ ಕಾನೂನಿನ ಭಾಷೆ ಪಕ್ಕಕ್ಕಿಟ್ಟು, “ಕಾಯಿ ಕದ್ದೆಯೇನಪ್ಪ?” ಎಂದರು.

“ಇಲ್ಲಾ ಸ್ವಾಮೀ!” ಎಂದು ಮರದ ತುದಿಯಿಂದ ಕೂಗುವವನ ಹಾಗೆ ಕೂಗಿದ. ಹಳೆಯ ಒಪ್ಪಿಗೆಯನ್ನು ಬದಿಗಿಟ್ಟು ವಿಚಾರಣೆ ನಡೆಸಿದರು. ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಣ್ಣ, ಸಾಕ್ಷಿ ಕಟಕಟೆ ಹತ್ತಿದ ಮೇಲೆ ತಾನೇ ಕರೆಸಿದ್ದು ನಿಜವೆಂದ. ಕೇಸು ಬಿದ್ದುಹೋಯಿತು.

ಆಮೇಲೆ ದೊಡ್ಡ ದೊಡ್ಡ ಸಭೆಗಳಲ್ಲಿ ಖೈದಿಗಳ ಬಗ್ಗೆ ಮಾತಾಡಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆದರೆ ಮೇಷ್ಟ್ರಾಗಿದ್ದಕ್ಕೆ ಹೊಟ್ಟೆ ತುಂಬ ಖುಷಿಪಟ್ಟದ್ದು ಅವತ್ತು, ಆ ಕೋರ್ಟಿನ ಜಗುಲಿಯ ಮೇಲೆ.

ಬಿಡುಗಡೆಯಾದವನು ಹೆಂಡತಿಯ ಜೊತೆ ಕಂಬ ಹಿಡಿದು ನಿಂತಿದ್ದ. ಖುಷಿಯೇನೂ ಕಾಣಲಿಲ್ಲ. ಬಂದವರು ಹೋದವರೆಲ್ಲ ಅವನನ್ನು ಒಂದು ಥರಾ ನೋಡಿಕೊಂಡೇ ಹೋಗುತ್ತಿದ್ದರು. ಅಷ್ಟರಲ್ಲಿ ಕೋರ್ಟಿನಲ್ಲಿ ಹೆಸರು ಕೂಗುವ ಜವಾನ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆಯೇ, “ಲೇ, ನಮ್ಮ ತ್ವಾಟದಲ್ಲೂ ಕಾಯಿ ಬಲ್ತು ನಿಂತವೆ ಕಣ್ಲಾ. ಯಾವಾಗ ಬತ್ತೀಯಾ?” ಎಂದ.

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿಯೇ ಮುಂದೆ ಬಂದು, “ನಾಳೆನೇ ಬತ್ತಾರೆ ಕಣ್ರೀ” ಎಂದಳು.