ಮೂವತ್ತನಾಲ್ಕನೇ ಕಂಬದ ಬಾಣ

ವುಬ್ಬೆ ಹಿಸ್ಸಿಂಕ್ ಅಂದರೆ ನಮ್ಮ ಐಸೆಲ್ ನದಿಯ ದಂಡೆಯಲ್ಲಿ ಗೊತ್ತಿಲ್ಲದವರು ಯಾರು? ಮರಗೆಲಸದವನು. ಉಳಿ, ಸುತ್ತಿಗೆ ಕೆಳಗಿಟ್ಟ ವರ್ಷವೇ ಏರಿಯ ಮೇಲಿನ ಸೈಕಲ್ ದಾರಿಯಲ್ಲಿ ಹನ್ನೊಂದು ಕಿಲೋಮೀಟರು ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂತು. ಸಂಬಳವಿಲ್ಲ, ಗಿಂಬಳವಿಲ್ಲ. ದಾರಿ ಕವಲೊಡೆಯುವಲ್ಲೆಲ್ಲ ಒಂದು ಕಂಬ, ಕಂಬಕ್ಕೊಂದು ನಂಬರು, ಮುಂದಿನ ನಂಬರಿಗೆ ಬಾಣ. ಸುತ್ತಾಡಲು ಹೊರಟವರು ಮನೆಯಲ್ಲೇ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಬಾಣ ನಂಬಿ ಪೆಡಲ್ ತುಳಿಯುವುದಷ್ಟೇ. ಹತ್ತೊಂಬತ್ತು ವರ್ಷ ಆ ಬಾಣಗಳನ್ನು ಅವನು ಮಕ್ಕಳ ಮುಖ ತೊಳೆದ ಹಾಗೆ ತೊಳೆದ.

"ನನ್ನ ದಾರೀಲಿ ಒಬ್ಬನೇ ಒಬ್ಬ ದಾರಿ ತಪ್ಪಿಲ್ಲ," ಎಂದು ಜಂಬ ಕೊಚ್ಚುತ್ತಿದ್ದ.

"ಹೌದಪ್ಪ, ತಪ್ಪಿದೋರು ವಾಪಸ್ ಬಂದು ಹೇಳಿದ್ರೆ ತಾನೆ!" ಎಂದು ಹೆಂಡತಿ ಹೆರ್ಮೀನ್ ಕಾಲೆಳೆಯುತ್ತಿದ್ದಳು.

ಆ ವರ್ಷ ಚಳಿಗಾಲದ ನೆರೆ ಮೂವತ್ತನಾಲ್ಕನೇ ಕಂಬವನ್ನು ಕಿತ್ತುಕೊಂಡು ಹೋಯಿತು. ಮಾರ್ಚಿನಲ್ಲಿ ವುಬ್ಬೆ ಹೊಸದನ್ನು ನೆಟ್ಟ. ಏಪ್ರಿಲ್‌ನಲ್ಲಿ ದೂರದೂರಿನ ಇಬ್ಬರು ವಯಸ್ಸಾದ ಅಕ್ಕತಂಗಿಯರು ಆ ಕಂಬದ ಬಾಣ ನಂಬಿ ಏರಿಯಿಂದ ಇಳಿದು, ದೋಣಿಯಲ್ಲಿ ಹೊಳೆ ದಾಟುವ ಕಡೆಗೆ ಹೋದರು. ದೋಣಿ ಶುರುವಾಗುವುದೇ ಮೇ ತಿಂಗಳಿಗೆ. ಕೆಳಗೆ ನೆರೆ ಬಿಟ್ಟುಹೋದ ಕೆಸರು. ಅಕ್ಕ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ನಾಯಿ ಅಡ್ಡಾಡಿಸಲು ಬಂದವನೊಬ್ಬ ನೋಡುವವರೆಗೆ, ಎರಡು ತಾಸು, ಇಬ್ಬರೂ ಮಳೆಯಲ್ಲಿ ಕೂತಿದ್ದರಂತೆ.

ದಾರಿಯ ಉಸ್ತುವಾರಿ ನೋಡುವ ಯೋರಿಂಡೆ ಫೋನ್ ಮಾಡಿದಳು. "ಮೂವತ್ನಾಲ್ಕರ ಬಾಣ ಯಾರೋ ತಿರುಗ್ಸಿದಾರೆ ವುಬ್ಬೆ. ಊರಿನ ಪಡ್ಡೆ ಹುಡುಗ್ರದ್ದೇ ಕೆಲಸ. ಒಂಚೂರು ನೋಡಿ ಬರ್ತೀರಾ?"

"ಕೈಗೆ ಸಿಗ್ಲಿ, ಕಿವಿ ಕಿತ್ತು ಕೈಗೆ ಕೊಡ್ತೀನಿ!" ಎಂದು ಕೆಂಡ ಕಾರುತ್ತ ಹೊರಟ. ಹೆರ್ಮೀನ್ ತನ್ನ ಸೈಕಲ್ ತೆಗೆದುಕೊಂಡು ಹಿಂದೆಯೇ ಬಂದಳು. ಹೊಳೆ ತುಂಬಿ ಹರಿಯುತ್ತಿತ್ತು; ಮರಳು ತುಂಬಿದ ಹಡಗೊಂದು ಹರಿವಿಗೆ ಎದುರಾಗಿ ಏದುಸಿರು ಬಿಡುತ್ತ ಹೋಗುತ್ತಿತ್ತು. ಅಂಥ ಚೆಂದದ ಬೆಳಗು. ಅವನು ಯಾವುದನ್ನೂ ನೋಡಲಿಲ್ಲ.

ಕಂಬದ ಮುಂದೆ ನಿಂತವನು ಮೊದಲು ಬೋಲ್ಟು ನೋಡಿದ. ಬೋಲ್ಟು ಬಿಗಿದ ಮೇಲೆ ಅದರ ತಲೆಗೂ ಹಲಗೆಗೂ ಸೇರಿಸಿ ನೀಲಿ ಬಣ್ಣದ ಒಂದು ಬೊಟ್ಟು ಇಡುವುದು ಅವನದೇ ಪದ್ಧತಿ. ಯಾರೇ ಬಿಚ್ಚಿದರೂ ಬೊಟ್ಟು ಒಡೆಯಬೇಕು. ಎರಡೂ ಬಾಣ ಅದಲುಬದಲಾಗಿದ್ದವು. ಬೊಟ್ಟು ಒಡೆದಿರಲಿಲ್ಲ. ಹುಡುಗರೂ ಅಲ್ಲ, ಗಾಳಿಯೂ ಅಲ್ಲ. ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಕಂಬ ನೆಟ್ಟದ್ದು ನೆನಪಿಗೆ ಬಂತು, ಬಾಣ ಹಾಕಿದ್ದು ಮಾತ್ರ ಎಷ್ಟು ತಡಕಿದರೂ ಬರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಹೆಬ್ಬೆರಳ ಉಗುರು ಆ ಬೊಟ್ಟಿನ ಮೇಲೆ ಹೋಗಿ ನಿಂತಿತ್ತು.

"ಕೆರೆದುಬಿಡು," ಎಂದಳು ಹೆರ್ಮೀನ್. "ನಾನೇನೂ ನೋಡಿಲ್ಲ."

"ಹುಡುಗ್ರ ತಲೆಗೆ ಕಟ್ಟೋದಾ?"

"ಅವರೇನು ಸುಬಗರಾ? ಮಾಡಿರೋದು ಬೇಕಾದಷ್ಟಿದೆ, ಅದರ ಜೊತೆ ಇದೂ ಒಂದು. ನಿಂಗೆ ಇರೋದು ಈ ದಾರಿ ಒಂದೇ ಕಣೋ. ಇದೂ ಹೋದ್ರೆ ಬೆಳಗಾಗೆದ್ದು ಏನು ಮಾಡ್ತೀಯ?"

ಅವನು ಬೊಟ್ಟಿನ ಮೇಲಿಂದ ಬೆರಳು ತೆಗೆದ. ಅಲ್ಲಿಂದಲೇ ಯೋರಿಂಡೆಗೆ ಫೋನ್ ಹಚ್ಚಿದ. "ಹುಡುಗ್ರಲ್ಲಮ್ಮ. ನಾನೇ."

"ಯಾರಿಗಾದ್ರೂ ಆಗುತ್ತೆ ಬಿಡಿ. ಇನ್ಮೇಲೆ ನೀವು ಹೋಗ್ಬಂದ್ಮೇಲೆ ಇನ್ನೊಬ್ರನ್ನ ಕಳಿಸ್ತೀನಿ, ಒಂದ್ಸಲ ನೋಡ್ಕೊಂಡು ಬರ್ತಾರೆ," ಎಂದಳು.

"ಬೇಡ. ಬಾಣ ಹಾಕಿದೋನ್ನೇ ನಂಬಕ್ಕಾಗಲ್ಲ ಅಂದ್ಮೇಲೆ ಆ ಬಾಣ ಯಾತಕ್ಕೆ? ಈ ದಾರೀನ ಬೇರೆಯವರಿಗೆ ಕೊಟ್ಬಿಡು. ಆ ಅಕ್ಕತಂಗೀರ ವಿಳಾಸ ಬೇಕು. ನಾನೇ ಹೋಗಿ ಹೇಳ್ಬೇಕು."

ಸ್ಪ್ಯಾನರ್ ತೆಗೆದು ಬಾಣಗಳನ್ನು ಬಿಚ್ಚಿದ, ಬದಲಿಸಿದ, ಬಿಗಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆಮೇಲೆ ಈ ಹತ್ತೊಂಬತ್ತು ವರ್ಷದಲ್ಲಿ ಯಾರನ್ನೂ ಕೇಳದಿದ್ದ ಮಾತು ಕೇಳಿದ: "ಸರಿ ಇದೆಯಾ ನೋಡು."

ಅವಳು ಹೊಳೆ ನೋಡಿದಳು, ಏರಿ ನೋಡಿದಳು, ನಂಬರು ಓದಿದಳು. "ಇದೆ," ಎಂದಳು.

ಮನೆಯ ಕಡೆಗೆ ಗಾಳಿ ಎದುರಿಗಿತ್ತು. ಮದುವೆಯಾದಾಗಿನಿಂದ, ಐವತ್ತೆರಡು ವರ್ಷ, ಎದುರುಗಾಳಿ ಬಂದಾಗಲೆಲ್ಲ ಅವನು ಮುಂದೆ, ಅವನ ಬೆನ್ನಿನ ಮರೆಯಲ್ಲಿ ಅವಳು. ಇವತ್ತು ವುಬ್ಬೆ ಸೈಕಲ್ ಹಿಡಿದು ಬದಿಗೆ ಸರಿದ.

"ನೀ ಮುಂದೆ ಹೋಗು ಹೆರ್ಮೀನ್."

"ಗಾಳಿ ಇದೆ ಕಣೋ."

"ಇರ್ಲಿ. ನೀ ಹೋಗು, ನಾನು ನಿನ್ನ ಹಿಂದೆ ಬರ್ತೀನಿ."

ಹೆರ್ಮೀನ್ ಕಣ್ಣೊರೆಸಿಕೊಂಡು ಸೈಕಲ್ ಹತ್ತಿದಳು. ಎಪ್ಪತ್ನಾಲ್ಕರ ಹೆಂಗಸು, ಗಾಳಿಗೆ ತಲೆ ತಗ್ಗಿಸಿ ತುಳಿದಳು. ಒಂದೊಂದು ಕಂಬ ಬಂದಾಗಲೂ ಹಿಂತಿರುಗಿ, ಅವನು ಬರುತ್ತಿದ್ದಾನೋ ಇಲ್ಲವೋ ಎಂದು ನೋಡಿದಳು.