ವಯಸ್ಸಾದ ವ್ಯಂಗ್ಯ

ಮೂವತ್ತರ ವಯಸ್ಸಿನ ಆಸುಪಾಸಿನಲ್ಲಿ ನಾನೊಂದು ವಿಡಂಬನೆಯ ಕಾದಂಬರಿ ಬರೆದಿದ್ದೆ. ಆಗ ಬೆಂಗಳೂರು ಕಂಟೋನ್ಮೆಂಟಿನಲ್ಲೆಲ್ಲ ಹೆಸರಾಗಿದ್ದ ಒಂದು ರಾಕ್ ಬ್ಯಾಂಡೇ ಅದರ ಗುರಿ. ಹೆಸರುಗಳನ್ನು ಬದಲಿಸಿದ್ದೆ, ಆದರೆ ಯಾರು ಯಾರೆಂದು ಎಲ್ಲರಿಗೂ ಗೊತ್ತಾಗುವಷ್ಟೇ ಬದಲಿಸಿದ್ದೆ. ಆ ಬ್ಯಾಂಡಿನ ಗಾಯಕರೇ ಪ್ರಕಾಶಕರಿಗೆ ಫೋನ್ ಮಾಡಿ ಕೂಗಾಡಿದ್ದರಂತೆ. ಅದನ್ನು ಕೇಳಿ ನನಗೆ ಪ್ರಶಸ್ತಿ ಬಂದಷ್ಟು ಖುಷಿಯಾಗಿತ್ತು.

ಈಚೆಗೆ ಇಂದಿರಾನಗರದ ಒಂದು ಓದುಗರ ಬಳಗ ಆ ಪುಸ್ತಕವನ್ನು ಎಲ್ಲಿಂದಲೋ ಹುಡುಕಿ ಓದಿ, ನನ್ನನ್ನು ಚರ್ಚೆಗೆ ಕರೆಯಿತು. ಹೊಸ ತಿಪ್ಪಸಂದ್ರದ ಮನೆಯಿಂದ ಆಟೋದಲ್ಲಿ ಹೋಗುತ್ತಾ, ಜನ ನಗುವಾಗ ಎಲ್ಲೆಲ್ಲಿ ಓದು ನಿಲ್ಲಿಸಬೇಕೆಂದು ಗುರುತು ಹಾಕಿಕೊಂಡೆ.

ಕೆಫೆಯ ಮಹಡಿಯಲ್ಲಿ ಒಂದಷ್ಟು ಹುಡುಗ ಹುಡುಗಿಯರು ಕೂತಿದ್ದರು. ನಾನು ಕೊನೆಯ ಅಧ್ಯಾಯ ಓದಿದೆ. ಅದರಲ್ಲಿ ಬ್ಯಾಂಡಿನವರು ಪೇಟ ಸುತ್ತಿಕೊಂಡು ಮದುವೆ ರಿಸೆಪ್ಷನ್‌ನಲ್ಲಿ ಹಾಡುತ್ತಾರೆ. ಗಾಯಕ ತನ್ನದೇ ಹೆಸರಿನ ಸಾಂಬಾರ್ ಪುಡಿ ಮಾರುತ್ತಾನೆ. ಹಿಂದೆ ಇದನ್ನು ಓದಿ ನನ್ನ ಗಂಡ ಕೆಮ್ಮು ಬರುವಷ್ಟು ನಕ್ಕಿದ್ದರು. ಇಲ್ಲಿ ಯಾರೂ ಮಿಸುಕಲಿಲ್ಲ.

ಮುಂದೆ ಕೂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು, "ಮೇಡಂ, ಇದ್ರಲ್ಲಿ ಕಾಮಿಡಿ ಯಾವ್ದು? ನಮ್ಮಕ್ಕನ ರಿಸೆಪ್ಷನ್‌ಗೂ ಬ್ಯಾಂಡ್ ಬಂದಿತ್ತು. ಪೇಟ ನಾವೇ ಕೊಟ್ವಿ."

"ಸಾಂಬಾರ್ ಪುಡಿ ಒಳ್ಳೇ ಐಡಿಯಾ," ಎಂದ ಪಕ್ಕದವನು.

ಹಿಂದಿನ ಸಾಲಿನಿಂದ ಒಂದೇ ಒಂದು ನಗು ಕೇಳಿತು. ಪೂರ್ತಿ ಬೋಳುತಲೆಯ ಒಬ್ಬ ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಎದ್ದು ನಿಂತು, "ಆ ಸಿಂಗರ್ ನಾನೇ," ಎಂದರು. ಬಳಗದವರು ನನಗೆ ಹೇಳದೆ ಅವರನ್ನೂ ಕರೆದಿದ್ದರು. ನಾನು ನೀರಿನ ಲೋಟ ಕೈಗೆತ್ತಿಕೊಂಡೆ.

"ಇವ್ರು ಬರ್ದಿರೋದೆಲ್ಲ ಸುಳ್ಳು. ನಿಜ ಇನ್ನೂ ಕೆಟ್ಟದಾಗಿತ್ತು," ಎಂದು ಅವರು ಶುರು ಮಾಡಿದರು. "ದೊಡ್ಡ ಶೋ ದಿನ ಪ್ಯಾಂಟ್ ಹಾಕ್ಕೊಳಕ್ಕೆ ಹೋದ್ರೆ, ಮಂಡಿ ಹತ್ರ ಸ್ಟೈಲಿಗೆ ಹರ್ದಿದ್ದನ್ನೆಲ್ಲ ನಮ್ಮಮ್ಮ ನೀಟಾಗಿ ಹೊಲ್ದುಬಿಟ್ಟಿದ್ರು. ಸ್ಟೇಜ್ ಹಿಂದೆ ಕೂತು ಬ್ಲೇಡಲ್ಲಿ ಮತ್ತೆ ಹರ್ಕೊಂಡೆ. ಮಂಡಿನೂ ಕುಯ್ದೋಯ್ತು. ರಕ್ತ ನೋಡಿ ಜನ ಹುಚ್ಚೆದ್ದು ಕುಣುದ್ರು. ಎಂಥಾ ತ್ಯಾಗ ಅಂತ ಪೇಪರ್‌ನೋರು ಬರುದ್ರು. ನಾನು ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡು ಮಲಗಿದ್ದೆ."

ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು. ನನಗೆ ಹೊಟ್ಟೆಯುರಿಯಿತು. ನನ್ನ ಇಡೀ ಪುಸ್ತಕದಲ್ಲಿ ಇಂಥದ್ದೊಂದೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲಿಳಿಯುತ್ತಾ, "ಪುಸ್ತಕ ಬಂದಾಗ ಅಷ್ಟೊಂದು ಕೋಪ ಮಾಡ್ಕೊಂಡಿದ್ರಂತಲ್ಲ?" ಎಂದು ಅವರನ್ನು ಕೇಳಿದೆ.

"ಮತ್ತಿನ್ನೇನ್ರೀ? ಡ್ರಮ್ಮರ್‌ನ ಆಡ್ಕೊಳಕ್ಕೆ ಒಂದು ಇಡೀ ಚಾಪ್ಟರ್ ಕೊಟ್ರಿ. ನನಗೆ ನಾಲ್ಕೇ ಪೇಜು. ಬ್ಯಾಂಡ್ ನಡೆಸ್ತಿದ್ದೋನು ನಾನು."

ಇಷ್ಟು ವರ್ಷ ನಾನು ಬೀಗುತ್ತಿದ್ದುದು ಇದಕ್ಕಾಗಿ. ಹೊಸ ಮುದ್ರಣವಾದರೆ ಸರಿಪಡಿಸುತ್ತೇನೆಂದೆ. ಅವರು ಅದನ್ನು ಕೊಟ್ಟ ಮಾತೆಂದೇ ಹಿಡಿದುಕೊಂಡರು. ಮುಂದಿನ ಭಾನುವಾರವೇ ನಮ್ಮ ಮನೆಗೆ ಬಂದರು. ಈಗ ಭಾನುವಾರಗಳಲ್ಲಿ ದೊಮ್ಮಲೂರಿನಿಂದ ಬಂದು, ಕಾಫಿ ಕುಡಿದು, ತಮ್ಮ ಅವಮಾನಗಳನ್ನು ಒಂದೊಂದಾಗಿ ಬರೆಸುತ್ತಾರೆ. ನಾನು ಸೌಮ್ಯವಾಗಿ ಬರೆದುದನ್ನು ಓದಿಸಿ, "ಇನ್ನೂ ಸ್ವಲ್ಪ ಖಾರ ಹಾಕಿ" ಎನ್ನುತ್ತಾರೆ. ನನ್ನ ಗಂಡ ಅಡುಗೆಮನೆಯಲ್ಲಿ ನಿಂತು ನಗುತ್ತಿರುತ್ತಾರೆ.

ಮೊನ್ನೆ ತಮ್ಮ ಒಂದು ಒಳ್ಳೆಯ ಕೆಲಸದ ಕಥೆಯನ್ನೂ ಹೇಳಲು ಹೊರಟರು. ಅದನ್ನು ಡ್ರಮ್ಮರ್‌ಗೆ ಕೊಟ್ಟುಬಿಡೋಣವೇ ಎಂದೆ. ಡ್ರಮ್ಮರ್‌ಗೆ ಇನ್ನೊಂದು ಪೇಜೂ ಬೇಡವೆಂದು, ತಮ್ಮ ಮತ್ತೊಂದು ಅವಮಾನ ಬರೆಸತೊಡಗಿದರು.