ಜೋಡಿ ಕಾರ್ಬ್ಯುರೇಟರಿಗೆ ಅರಗಿನ ಬೆಸುಗೆ

ಅಣ್ಣ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಮೊದಲು ಮಾತಾಡಿಸಿದ್ದು ಅವನ ಜೊತೆಗಾರ ಫಿಟ್ಟರನನ್ನು. ಒಡಹುಟ್ಟಿದವನು ನಾನು, ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಬಂದವರು ನನ್ನನ್ನು ದಾಟಿ, ಜಗಲಿಯ ಆ ತುದಿಯಲ್ಲಿ ಗೋಡೆಗೊರಗಿ ಅಳುತ್ತಿದ್ದ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಡುತ್ತಿದ್ದರು. "ಎಂಥಾ ಜೋಡಿ ಮುರೀತಪ್ಪ" ಅನ್ನುತ್ತಿದ್ದರು. ನನಗೆ ಅಳು ಬರಲಿಲ್ಲ. ಅವನು ಅಳುವುದನ್ನು ನೋಡುತ್ತ ನನ್ನ ಅಳುವಿಗೆ ಜಾಗವೇ ಇಲ್ಲದ ಹಾಗಾಗಿತ್ತು.

ಆ ಜೋಡಿ ಹೇಗಾಯಿತೆಂದು ಬರೆಯುತ್ತಿದ್ದೇನೆ. ಬರೆಯುವಷ್ಟು ಹೊತ್ತು ಅಣ್ಣನ ಜೊತೆ ಇದ್ದ ಹಾಗಾಗುತ್ತದೆ.

ಮಹಾರಾಜರ ಕಾಲ. ಚನ್ನಪಟ್ಟಣದಲ್ಲಿ ನಮ್ಮದು ಬೊಂಬೆ ಕಡೆಯುವ ಮನೆ. ಆಗಿನ ನಮ್ಮ ಯಂತ್ರಕ್ಕೆ ಇಬ್ಬರು ಬೇಕು. ಒಬ್ಬ ಹಗ್ಗ ಎಳೆದು ಮರ ತಿರುಗಿಸಬೇಕು, ಇನ್ನೊಬ್ಬ ಉಳಿ ಹಿಡಿಯಬೇಕು. ಹಗ್ಗ ನನ್ನದು, ಉಳಿ ಅಣ್ಣನದು. ಬೊಂಬೆಯ ರೂಪ ಬಂದ ಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ನಾವಿಬ್ಬರೂ ದಿನವಿಡೀ ಎದುರುಬದುರು ಕೂತಿರುತ್ತಿದ್ದೆವು. ಹೆಚ್ಚು ಮಾತಿಲ್ಲ. ಮಾತು ಬೇಕು ಅಂತ ನನಗೆ ಅನ್ನಿಸಿಯೂ ಇರಲಿಲ್ಲ.

ಕೋಡಿಹಳ್ಳಿ ಕಡೆಯ ಸಾಹುಕಾರರೊಬ್ಬರು ಬೆಂಗಳೂರಿನ ದಂಡಿನಲ್ಲಿದ್ದ ಒಬ್ಬ ಬಿಳಿಯ ದೊರೆಯಿಂದ ಹಳೆಯ ಕಾರು ಕೊಂಡರು. ಅದರ ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪುಟ್ಟ ಬುರುಡೆಗಳು ಅವು, ಒಂದರ ಹಿಂದೆ ಒಂದು. ಬಯಲಲ್ಲಿ ಚೆನ್ನಾಗಿ ಓಡುವ ಕಾರು ದಿಣ್ಣೆ ಹತ್ತುವಾಗ ಕೆಮ್ಮಿ ನಿಂತುಬಿಡುತ್ತಿತ್ತು. ಅದನ್ನು ರಿಪೇರಿಗೆ ಒಪ್ಪಿಕೊಂಡವನು ಫಿಟ್ಟರ್. ಈಗಿನ ರಾಮನಗರವನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದರು, ಅಲ್ಲಿ ರಸ್ತೆ ಬದಿಗೆ ಅವನದೊಂದು ಶೆಡ್ಡು.

ಅವನು ನಮ್ಮ ಮನೆಗೆ ಬಂದದ್ದು ಒಂದು ಮರದ ಅಚ್ಚಿಗಾಗಿ.

"ಪೆಟ್ರೋಲಿಂದು ಒಂದೇ ಕೊಳವೆ, ಹತ್ರದ ಬುರುಡೆಗೆ ಹೋಗಿ, ಅಲ್ಲಿಂದ ದೂರದ್ದಕ್ಕೆ ಹೋಯ್ತದೆ. ತಲೆಗದ್ದೆ ಕುಡಿದು ಮಿಕ್ಕಿದ್ದು ಬಾಲದ ಗದ್ದೆಗೆ ಅನ್ನಂಗೆ. ಏರಿನಲ್ಲಿ ದೂರದ್ದು ಒಣಗ್ತದೆ" ಅಂದ. "ಮೂರು ಬಾಯಿರೋ ಹಿತ್ತಾಳೆ ತುಂಡು ಬೇಕು. ನೀನು ಮರದಲ್ಲಿ ಮಾಡ್ಕೊಟ್ರೆ ಎರಕ ಹುಯ್ಸ್ತೀನಿ."

ಅಣ್ಣ ಹಾಲೆ ಮರದಲ್ಲಿ ಮಾಡಿಕೊಟ್ಟ. ಮಾಡಿಕೊಟ್ಟು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅದು ಕಾರಿಗೆ ಹೊಂದುತ್ತದೋ ನೋಡಬೇಕೆಂದು ರೈಲು ಹತ್ತಿ ಹೋದ. ಮಾರನೆಯ ದಿನವೂ ಹೋದ. ಹೋಗುತ್ತ ಹೋಗುತ್ತ ಕಾರು ಓಡಿಸುವುದನ್ನೂ ಕಲಿತ. ಅವರಿಬ್ಬರೂ ಎಂಜಿನ್ನಿಗಿಂತ ಎತ್ತರಕ್ಕೆ ಒಂದು ತಗಡಿನ ತೊಟ್ಟಿ ಕೂರಿಸಿ, ಪೆಟ್ರೋಲು ತಾನಾಗಿ ಇಳಿಯುವಂತೆ ಮಾಡಿದರು. ಅಲ್ಲಿಂದ ಹಿತ್ತಾಳೆಯ ತುಂಡಿಗೆ ಒಂದು ಕೊಳವೆ, ತುಂಡಿನಿಂದ ಎರಡು ಬುರುಡೆಗೂ ಒಂದೇ ಉದ್ದದ, ಒಂದೇ ಬಾಗಿನ ಎರಡು ಕೊಳವೆ. ಮನೆಗೆ ಬಂದರೂ ಅಣ್ಣನಿಗೆ ಅದೇ ಮಾತು. ಊಟದ ತಟ್ಟೆಯ ಅಂಚಿನಲ್ಲಿ ಸಾರಿನಿಂದ ಗೆರೆ ಎಳೆದು, "ಎರಡಕ್ಕೂ ಸಮ ಹೋಗ್ಬೇಕು ಕಣ್ಲಾ, ಒಂದಕ್ಕೆ ಹೆಚ್ಚು ಒಂದಕ್ಕೆ ಕಮ್ಮಿ ಆಗಬಾರ್ದು" ಅನ್ನುತ್ತಿದ್ದ. ನಾನು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದೆ. ಎಳೆಯುವವನಿದ್ದರೂ ಉಳಿ ಹಿಡಿಯುವವನಿಲ್ಲದೆ ನನ್ನ ಹಗ್ಗ ಸುಮ್ಮನೆ ನೇತಾಡುತ್ತಿತ್ತು.

ಸಂದುಗಳಲ್ಲಿ ಪೆಟ್ರೋಲು ಜಿನುಗುತ್ತಿತ್ತು. ಬಿಚ್ಚಿ ಬಿಚ್ಚಿ ನೋಡಬೇಕಾದ್ದರಿಂದ ಸೀಸದ ಬೆಸುಗೆ ಬೇಡವೆಂದು, ಅಣ್ಣ ಕೆಂಪು ಅರಗು ಕಾಯಿಸಿ ಸಂದಿಗೆ ಮೆತ್ತಿದ. ಅದಕ್ಕೆ ಮೊದಲು ಅರಗಿನ ಕಡ್ಡಿಯನ್ನು ಬಟ್ಟಲಿನ ಪೆಟ್ರೋಲಿನಲ್ಲಿ ನೆನೆಹಾಕಿ ನೋಡಿದ್ದ. ಕಡ್ಡಿ ಕಲ್ಲಿನ ಹಾಗೇ ಇತ್ತು. ಫಿಟ್ಟರ್ ಅವನ ಬೆನ್ನು ತಟ್ಟಿದ. ಅಣ್ಣನ ಮುಖದಲ್ಲಿ ಅಂಥ ನಗು ಬೊಂಬೆ ಕಡೆಯುವಾಗ ನಾನು ಕಂಡಿರಲಿಲ್ಲ.

ಸಾಹುಕಾರರ ಮಗಳ ಲಗ್ನ ಮಾಗಡಿಯಲ್ಲಿತ್ತು. ಹಿಂದಿನ ದಿನ ದೀಪ ಹಚ್ಚುವುದರೊಳಗೆ ಕಾರು ಮಾಗಡಿ ಮುಟ್ಟಿದರೆ ಅಣ್ಣನನ್ನು ಡ್ರೈವರಾಗಿ ಇಟ್ಟುಕೊಂಡು, ಫಿಟ್ಟರನ ಶೆಡ್ಡಿನಲ್ಲೇ ಬಿಡಾರ ಕೊಡುವುದಾಗಿ ಹೇಳಿಕಳಿಸಿದ್ದರು. ಮುಟ್ಟದಿದ್ದರೆ ಅಣ್ಣ ನನ್ನೆದುರು ಬಂದು ಕೂರುತ್ತಾನೆ. ನಾನೂ ಹೊರಟು ನಿಂತೆ.

"ಇವನ್ಯಾಕ್ಲಾ? ಭಾರ ಆಯ್ತದೆ" ಅಂದ ಫಿಟ್ಟರ್.

"ಬರ್ಲಿ ಬುಡು. ಏರಲ್ಲಿ ನಿಂತ್ರೆ ಚಕ್ರಕ್ಕೆ ಕಲ್ಲು ಕೊಡಕ್ಕೆ ಒಬ್ಬ ಬೇಕು" ಅಂದ ಅಣ್ಣ.

ಹಿಂದಿನ ಸೀಟಿನಲ್ಲಿ ಕಾಲ ಬಳಿ ಒಂದು ದಪ್ಪ ಕಲ್ಲಿಟ್ಟುಕೊಂಡು ಕೂತೆ. ಅವರಿಬ್ಬರೂ ಮುಂದೆ. ಗಾಳಿಯಲ್ಲಿ ಅವರ ಮಾತು ನನಗೆ ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು.

ಮಾಗಡಿ ದಾರಿಯ ದೊಡ್ಡ ಏರಿನ ಅರ್ಧದಲ್ಲಿ ಕಾರು ಕೆಮ್ಮಿತು, ನಿಂತಿತು. ಕಲ್ಲು ಕೊಟ್ಟೆ. ಫಿಟ್ಟರ್ ಬುರುಡೆಯ ತಳ ಬಿಚ್ಚಿದ. ಅಂಗೈಗೆ ಇಳಿದದ್ದು ಓಕುಳಿಯಂತೆ ಕೆಂಪು.

"ಏನ್ಲಾ ಇದು, ಬೊಂಬೆ ಅಂದ್ಕೊಂಡು ಇದಕ್ಕೂ ಬಣ್ಣ ಬಳ್ದಿದ್ದೀಯಾ?"

"ಪೆಟ್ರೋಲು ಅರಗ್ನ ಮುಟ್ಟಕಿಲ್ಲ ಕಣ್ಲಾ. ನೆನೆಹಾಕಿ ನೋಡಿವ್ನಿ."

ಫಿಟ್ಟರ್ ಕೈ ಮೂಸಿದ. "ಸಾರಾಯಿ ವಾಸ್ನೆ. ಸ್ಪಿರಿಟ್ ಬೆರ್ಸಿರೋ ಪೆಟ್ರೋಲು ಇದು. ಸಕ್ಕರೆ ಕಾರ್ಖಾನೆ ಕಾಕಂಬಿಯಿಂದ ಇಳಿಸಿದ್ದು, ಹೊಸ್ದಾಗಿ ಬತ್ತಾ ಐತೆ. ನಿನ್ನೆ ತುಂಬಿಸಿದ್ದು ಅದೇಯಾ."

ಪಾಲಿಶ್ ಹಾಕುವವರು ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಅದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಪೆಟ್ರೋಲಿನೊಳಗೆ ಸ್ಪಿರಿಟ್ ಇದ್ದೀತೆಂದು ಅಣ್ಣ ಎಣಿಸಿರಲಿಲ್ಲ. ನಾನು ಕಾರಿನ ಹಿಂದೆ ನಿಂತು ಕಾದೆ. ಈಗ ಫಿಟ್ಟರ್ ಬೈಯುತ್ತಾನೆ, ಅಣ್ಣನಿಗೆ ಸಿಟ್ಟು ಬರುತ್ತದೆ, ಇಬ್ಬರೂ ಇಲ್ಲಿಂದ ಬೇರೆಯಾಗುತ್ತಾರೆ ಅಂದುಕೊಂಡೆ. ಅಣ್ಣ ಆ ಕೆಂಪು ಕೈಯನ್ನು ನೋಡಿ ನಕ್ಕುಬಿಟ್ಟ. ಫಿಟ್ಟರನೂ ನಕ್ಕ. ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅಂಟನ್ನೆಲ್ಲ ಅದೇ ಪೆಟ್ರೋಲಿನಲ್ಲಿ ತೊಳೆದರು. ಸಂದಿಗೆ ನೂಲು ಸುತ್ತಿ, ಮೇಲೆ ಬಟ್ಟೆ ಸೋಪು ಒತ್ತಿದರು. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಕೇಳದೆಯೇ ಬೇಕಾದದ್ದನ್ನು ಕೊಡುತ್ತಿದ್ದ. ನನಗೂ ಅಣ್ಣನಿಗೂ ಹಾಗೆ ಆಗುವುದಕ್ಕೆ ವರ್ಷಗಳು ಹಿಡಿದಿದ್ದವು. ಇವನಿಗೆ ಒಂದು ಬೇಸಿಗೆ ಸಾಕಾಗಿತ್ತು.

ಎಂಜಿನ್ ಹತ್ತಿಕೊಂಡಿತು. ನಾನು ಕಲ್ಲು ತೆಗೆದು ಬಾಗಿಲಿಗೆ ಕೈ ಹಾಕಿದೆ.

"ಲೇ, ಭಾರ ಕಮ್ಮಿ ಆಗ್ಲಿ. ನೀನು ನಡ್ಕೊಂಡು ಬಾ, ಮೇಲೆ ನಿಂತಿರ್ತೀವಿ" ಅಂದ ಅಣ್ಣ.

ಕಾರು ಸಲೀಸಾಗಿ ಹತ್ತಿತು. ಎರಡಕ್ಕೂ ಸಮನಾಗಿ ಹೋಗುತ್ತಿದೆ ಎಂದು ಸದ್ದಿನಲ್ಲೇ ನನಗೆ ತಿಳಿಯಿತು. ಆ ಧೂಳು ಕುಡಿಯುತ್ತ ಏರು ಹತ್ತಿದೆ. ಮೇಲೆ ಅವರಿಬ್ಬರೂ ಕಾರಿನ ಮೆಟ್ಟಿಲ ಮೇಲೆ ಕೂತು ಒಂದೇ ಬೀಡಿ ಸೇದುತ್ತಿದ್ದರು. ಅಣ್ಣ ತಲೆ ತಗ್ಗಿಸಿ ಏನೋ ಹೇಳುತ್ತಿದ್ದ. ನಾನು ಹತ್ತಿರ ಬಂದದ್ದು ಕಂಡು ನಿಲ್ಲಿಸಿದ.

ಹೊತ್ತಿಗೆ ಮುಂಚೆಯೇ ಮಾಗಡಿ ಮುಟ್ಟಿದೆವು. ಅಣ್ಣ ಕ್ಲೋಸ್‌ಪೇಟೆಗೆ ಹೋದ. ಹಗ್ಗಕ್ಕೆ ಆಳು ಸಿಕ್ಕ, ಉಳಿ ನಾನೇ ಹಿಡಿದೆ. ಬಹಳ ಕಾಲ ನನ್ನ ಬೊಂಬೆಗಳ ತಲೆ ಒಂದೊಂದು ಒಂದೊಂದು ಥರ ಇರುತ್ತಿತ್ತು. ಅಣ್ಣ ಹಬ್ಬಕ್ಕೆ ಬರುತ್ತಿದ್ದ, ಊಟ ಮಾಡುತ್ತಿದ್ದ, ಕೊನೆಯ ರೈಲಿಗೆ ಹೊರಡುತ್ತಿದ್ದ.

ತಿಥಿಯ ದಿನ ಎಲ್ಲರೂ ಉಂಡು ಹೋದ ಮೇಲೆ ಫಿಟ್ಟರ್ ಒಬ್ಬನೇ ಉಳಿದ. ಎಲೆ ಅಡಿಕೆ ಮುಂದಿಟ್ಟು, ಎಷ್ಟೋ ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ.

"ಅವತ್ತು ಮಾಗಡಿ ಏರಿನ ಮೇಲೆ ನಾನು ಬರೋವಾಗ ಅಣ್ಣ ಏನೋ ಹೇಳ್ತಿದ್ದ. ಏನದು?"

"ಯಾವತ್ತು?"

"ಅರಗು ಕರಗಿದ್ ದಿನ."

ಅವನು ಅಡಿಕೆ ಅಗಿಯುತ್ತ ಯೋಚಿಸಿದ. "ಮುಂದ್ಗಡೆ ಕಾರ್ಬ್ಯುರೇಟರ್ ಒಸಿ ಬಡ್ಕೋತದೆ, ವಾಪಸ್ ಬಂದ್ಮೇಲೆ ನೋಡ್ಬೇಕು ಅಂದಿರ್ಬೇಕು."

"ಅಷ್ಟೇನಾ?"

"ಇನ್ನೇನ್ಲಾ ಮಾತಾಡ್ತೀವಿ ನಾವು."

ಅಷ್ಟೇ ಇರಲಾರದು. ಅದಕ್ಕೆ ನನ್ನನ್ನು ಕಂಡು ಮಾತು ನಿಲ್ಲಿಸಬೇಕಾಗಿರಲಿಲ್ಲ. ಅವನು ಅದನ್ನು ತನಗೇ ಇಟ್ಟುಕೊಂಡಿದ್ದಾನೆ. ನನ್ನ ಹತ್ತಿರ ಅಣ್ಣನ ಅಂಥದೊಂದು ಮಾತಿದ್ದಿದ್ದರೆ ನಾನೂ ಅವನಿಗೆ ಕೊಡುತ್ತಿರಲಿಲ್ಲ.